ಗದ್ದೆಯ ನೀರಿನ ಜಮಾ-ಖರ್ಚು

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಇಲಿಜ್ವರದ ಬಗ್ಗೆ ಬರೆದಿದ್ದೆವು. ಅದನ್ನು ಓದಿದ ಮೂರು ನಾಲ್ಕು ಮಂದಿ ಆದಿತ್ಯವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಜಗಲಿಯಲ್ಲಿ ನಿಂತು ಬೇರೆಯೇ ಪ್ರಶ್ನೆ ಹಾಕಿದರು. "ಫಾದರ್, ಜ್ವರದ ಮಾತು ಸರಿ. ಆದರೆ ಸುಗ್ಗಿ ಬೇಸಾಯಕ್ಕೆ ನೀರೇ ಸಾಲುವುದಿಲ್ಲ. ಕ್ರಿಸ್ಮಸ್ ಕಳೆಯುವಾಗ ಬಾವಿಯ ತಳ ಕಾಣುತ್ತದೆ. ಗದ್ದೆ ಬಿಟ್ಟು ಅಡಿಕೆ ಹಾಕುವುದೇ ಒಳ್ಳೆಯದಲ್ಲವೇ?" ಎಂದರು. ಅಡಿಕೆ ಹಾಕಬೇಕೋ ಬೇಡವೋ ಎಂದು ನಾವು ಹೇಳುವಂತಿಲ್ಲ. ಅದು ಮನೆಯವರ ತೀರ್ಮಾನ. ಆದರೆ "ನೀರು ಸಾಲುವುದಿಲ್ಲ" ಎಂಬ ಮಾತನ್ನು ಲೆಕ್ಕ ಹಾಕದೆ ಒಪ್ಪುವುದು ಸರಿಯಲ್ಲ. ಅಂಗಡಿ ಇಟ್ಟವನು ನಷ್ಟವಾಯಿತೆಂದು ಬಾಗಿಲು ಹಾಕುವ ಮೊದಲು ಪುಸ್ತಕ ತೆರೆದು, ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ನೋಡುವುದಿಲ್ಲವೇ? ಗದ್ದೆಯ ನೀರಿಗೂ ಅಂಥದೊಂದು ಜಮಾ-ಖರ್ಚಿನ ಪುಸ್ತಕ ಇದೆ. ಈ ಸಲ ಅದನ್ನು ತೆರೆಯೋಣ.

ಅಳತೆ

ಮಳೆಯನ್ನು ಮಿಲ್ಲಿಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ, ಪಂಪಿನ ನೀರನ್ನು ಲೀಟರ್ ಲೆಕ್ಕದಲ್ಲಿ ಹೇಳುತ್ತಾರೆ. ಎರಡೂ ಬೇರೆ ಬೇರೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಹಾಗಲ್ಲ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲ್ಲಿಮೀಟರ್ ಎತ್ತರಕ್ಕೆ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ನಮ್ಮ ಒಂದು ಸೆಂಟ್ಸ್ ಎಂದರೆ ಸುಮಾರು 40 ಚದರ ಮೀಟರ್. ಹಾಗಾದರೆ 25 ಸೆಂಟ್ಸ್ ಗದ್ದೆಯಲ್ಲಿ ಒಂದು ಮಿಲ್ಲಿಮೀಟರ್ ನೀರು ಎಂದರೆ ಹೆಚ್ಚುಕಡಿಮೆ 1000 ಲೀಟರ್. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಸಾಕು, ಉಳಿದ ಲೆಕ್ಕವನ್ನು ಏಳನೇ ತರಗತಿಯ ಮಕ್ಕಳೂ ಮಾಡಬಲ್ಲರು. ಅವರಿಂದಲೇ ಮಾಡಿಸಿರಿ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 3500 ಮಿ.ಮೀ. ಮಳೆ ಬೀಳುತ್ತದೆ. 25 ಸೆಂಟ್ಸ್ ಗದ್ದೆಯ ಮೇಲೆ ಬೀಳುವ ಆಕಾಶದ ನೀರೇ 35 ಲಕ್ಷ ಲೀಟರ್ ಆಯಿತು. ಇಷ್ಟು ಮಳೆ ಸಿಗುವ ಊರುಗಳು ಈ ದೇಶದಲ್ಲಿ ಹೆಚ್ಚಿಲ್ಲ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನಮ್ಮದು ಮುರಕಲ್ಲಿನ ಗುಡ್ಡ, ಇಳಿಜಾರು ಹೆಚ್ಚು, ಹೊಳೆಗಳು ಗಿಡ್ಡ. ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಯಾವುದನ್ನು ನೋಡಿದರೂ ಬಿದ್ದ ನೀರು ಬೇಗನೆ ಅರಬ್ಬಿ ಸಮುದ್ರ ಸೇರುತ್ತದೆ. ಆದ್ದರಿಂದ ಏಣೆಲು ಬೆಳೆಗೆ ನೀರು ಹೆಚ್ಚಾಗಿ ತೊಂದರೆ, ಸುಗ್ಗಿಗೆ ಅರೆಬರೆ, ಕೊಳಕೆಗೆ ಇಲ್ಲವೇ ಇಲ್ಲ ಎಂಬ ಸ್ಥಿತಿ. ಹಿಂದೆ ಬೈಲು ಗದ್ದೆಗಳಲ್ಲಿ ಮೂರೂ ಬೆಳೆ, ಮಜಲಿನಲ್ಲಿ ಎರಡು, ಬೆಟ್ಟುಗದ್ದೆಯಲ್ಲಿ ಒಂದೇ ಎಂದು ಹಿರಿಯರು ಮಾಡಿದ್ದ ವಿಭಾಗವೇ ನೀರಿನ ಲೆಕ್ಕ. ಅವರು ಅದನ್ನು ಕಾಗದದಲ್ಲಿ ಬರೆಯಲಿಲ್ಲ, ಅಷ್ಟೇ.

ನೀರು ಹೋಗುವ ದಾರಿಗಳು

ಗದ್ದೆಗೆ ನೀರು ಬರುವ ದಾರಿ ಮೂರು: ಮಳೆ, ನಾವು ಬಿಡುವ ನೀರು, ಮೇಲಿನ ಗದ್ದೆಯಿಂದಲೋ ಗುಡ್ಡದಿಂದಲೋ ಒಸರಿ ಬರುವ ನೀರು. ಹೋಗುವ ದಾರಿಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲನೆಯದು ಆವಿ. ಇದರಲ್ಲಿ ಎರಡು ಬಗೆ. ನಿಂತ ನೀರಿನಿಂದ ನೇರವಾಗಿ ಏಳುವ ಆವಿ ಒಂದು, ಗಿಡ ಬೇರಿನಿಂದ ಕುಡಿದು ಎಲೆಗಳ ಮೂಲಕ ಬಿಡುವ ಆವಿ ಇನ್ನೊಂದು. ಎರಡೂ ಸೇರಿ ಮಳೆಗಾಲದಲ್ಲಿ ದಿನಕ್ಕೆ 4-5 ಮಿ.ಮೀ., ಬೇಸಿಗೆಯ ಬಿಸಿಲಿನಲ್ಲಿ 6-7 ಮಿ.ಮೀ. ಹೋಗುತ್ತದೆ. ಇದು ಬೆಳೆಯ ನಿಜವಾದ ಊಟ. ಇದನ್ನು ಕಡಿಮೆ ಮಾಡಹೊರಟರೆ ಬೆಳೆಯೂ ಕಡಿಮೆಯಾದೀತು. ಹೀಗೆ ಹೋದ ನೀರು ನಮ್ಮ ಬೈಲಿಗೆ ಹಿಂತಿರುಗುವುದೂ ಇಲ್ಲ.

ಎರಡನೆಯದು ಕೆಳಕ್ಕೆ ಇಂಗುವುದು. ಗದ್ದೆಯನ್ನು ನೀರಿನಲ್ಲಿ ಉತ್ತು ಕೆಸರು ಮಾಡುವುದು ಯಾಕೆ? ನೇಜಿ ನೆಡಲು ಸುಲಭವಾಗಲಿ ಎಂದು ಮಾತ್ರವಲ್ಲ. ಕಲಕಿದ ನಯವಾದ ಮಣ್ಣು ಕೆಳಗೆ ಕೂತು ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ವರ್ಷ ವರ್ಷ ಎತ್ತಿನ, ಟಿಲ್ಲರಿನ ತುಳಿತಕ್ಕೆ ಅದರ ಕೆಳಗೆ ಒಂದು ಗಟ್ಟಿ ಪದರ ಕಟ್ಟುತ್ತದೆ. ತೆಂಗಿನ ಚಿಪ್ಪಿನಲ್ಲಿ ನೀರು ನಿಂತ ಹಾಗೆ ಗದ್ದೆಯಲ್ಲಿ ನೀರು ನಿಲ್ಲುವುದು ಈ ಪದರದಿಂದ. ಜೇಡಿ ಮಣ್ಣಿನ ಒಳ್ಳೆಯ ಬೈಲು ಗದ್ದೆಯಲ್ಲಿ ದಿನಕ್ಕೆ 1ರಿಂದ 5 ಮಿ.ಮೀ. ಮಾತ್ರ ಕೆಳಗಿಳಿಯುತ್ತದೆ. ಮರಳು ಮಿಶ್ರಿತ ಮಣ್ಣಾದರೆ 25-30 ಮಿ.ಮೀ. ಹೋದರೂ ಆಶ್ಚರ್ಯವಿಲ್ಲ. ಬೆಟ್ಟುಗದ್ದೆಯಲ್ಲಿ ಪಂಪಿಟ್ಟು ಸುಗ್ಗಿ ಬೆಳೆಯ ಹೊರಟವರು ಈ ಅಂಕೆಯನ್ನು ಎರಡು ಸಲ ಓದಬೇಕು.

ಮೂರನೆಯದು ಹುಣಿಯ ಮೂಲಕ ಪಕ್ಕಕ್ಕೆ ಒಸರುವುದು. ನಮ್ಮ ಅಭಿಪ್ರಾಯದಲ್ಲಿ ಈಗಿನ ಗದ್ದೆಗಳ ದೊಡ್ಡ ಕಳ್ಳ ಇವನೇ. ಹಗಲು ರಾತ್ರಿ ಕೆಲಸ ಮಾಡುತ್ತಾನೆ, ಶಬ್ದವಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಹಿಂದೆ ಪ್ರತಿ ಬೆಳೆಗೆ ಮೊದಲು ಹುಣಿಯ ಮೈ ಕೆತ್ತಿ, ಹುಲ್ಲು ತೆಗೆದು, ಹೊಸ ಕೆಸರು ಮೆತ್ತಿ ನುಣುಪು ಮಾಡುತ್ತಿದ್ದರು. ಈಗ ಕೂಲಿ ಹೆಚ್ಚು, ಆಳು ಸಿಗುವುದಿಲ್ಲ, ಆದ್ದರಿಂದ ಮೊದಲು ಬಿಟ್ಟ ಕೆಲಸವೇ ಅದು. ಹುಣಿ ಸಪೂರವಾಯಿತು, ಏಡಿ ತೂತು ಮಾಡಿತು, ಹೆಗ್ಗಣ ಅದನ್ನು ದೊಡ್ಡದು ಮಾಡಿತು.

ನಾಲ್ಕನೆಯದು ಹುಣಿ ತುಂಬಿ ಮೇಲಿಂದ ಹರಿದು ಹೋಗುವುದು. ಏಣೆಲಿನಲ್ಲಿ ಇದು ಅನಿವಾರ್ಯ, ಬೇಕೂ ಬೇಕು. ಸುಗ್ಗಿಯಲ್ಲಿ ಪಂಪು ಹಾಕಿ ಊಟಕ್ಕೆ ಹೋದವರು ಮಲಗಿ ಏಳುವ ತನಕ ಹರಿದರೆ ಅದನ್ನು ಯಾವ ಖಾತೆಗೆ ಬರೆಯಬೇಕೆಂದು ಅವರೇ ಹೇಳಲಿ.

ಎರಡು ಡ್ರಮ್ಮಿನ ಪರೀಕ್ಷೆ

ನಮ್ಮ ಗದ್ದೆಯಲ್ಲಿ ಯಾವ ದಾರಿಯಿಂದ ಎಷ್ಟು ಹೋಗುತ್ತದೆ ಎಂದು ತಿಳಿಯುವುದು ಹೇಗೆ? ಕೃಷಿ ವಿಜ್ಞಾನಿಗಳು ಬಳಸುವ ಒಂದು ಸುಲಭ ಉಪಾಯವಿದೆ. ಎರಡು ಹಳೆಯ ಪ್ಲಾಸ್ಟಿಕ್ ಡ್ರಮ್ಮುಗಳು ಬೇಕು. ಒಂದರ ಬುಡ ಹಾಗೆಯೇ ಇರಲಿ, ಇನ್ನೊಂದರ ಬುಡ ಕತ್ತರಿಸಿ ತೆಗೆಯಿರಿ. ಎರಡನ್ನೂ ಸುಮಾರು ಎರಡು ಅಡಿ ಎತ್ತರಕ್ಕೆ ಕತ್ತರಿಸಿ, ಅರ್ಧ ಭಾಗ ಗದ್ದೆಯ ಮಣ್ಣಿನೊಳಗೆ ಹೋಗುವಂತೆ ಹೂಳಿರಿ. ಬುಡವಿಲ್ಲದ್ದು ಗಟ್ಟಿ ಪದರಕ್ಕೆ ಇಳಿದು ಕೂರಬೇಕು, ಇಲ್ಲವಾದರೆ ಲೆಕ್ಕ ತಪ್ಪುತ್ತದೆ. ಒಳಗೆ ಅದೇ ಗದ್ದೆಯ ಕೆಸರು, ಅದೇ ನೇಜಿ, ಹೊರಗಿನಷ್ಟೇ ಎತ್ತರಕ್ಕೆ ನೀರು. ಗದ್ದೆಯಲ್ಲಿಯೂ ಒಂದು ಕೋಲಿಗೆ ಶಾಲೆಯ ಮಕ್ಕಳ ಸ್ಕೇಲು ಕಟ್ಟಿ ನೆಡಿರಿ. ನೀರು ಒಳಬರುವ ಹೊರಹೋಗುವ ಬಾಯಿಗಳನ್ನು ಮುಚ್ಚಿ, ಮಳೆಯಿಲ್ಲದ ದಿನ ಬೆಳಿಗ್ಗೆ ಏಳು ಗಂಟೆಗೆ ಮೂರೂ ಕಡೆ ಅಳೆದು ಬರೆಯಿರಿ. ಮರುದಿನ ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ಒಂದು ದಿನ ಸಾಲದು, ನಾಲ್ಕೈದು ದಿನ ಮಾಡಿ ಸರಾಸರಿ ತೆಗೆಯಿರಿ.

ಬುಡವಿರುವ ಡ್ರಮ್ಮಿನಲ್ಲಿ ಇಳಿದದ್ದು ಆವಿ ಮಾತ್ರ, ಬೇರೆ ದಾರಿ ಅದಕ್ಕಿಲ್ಲ. ಬುಡವಿಲ್ಲದ್ದರಲ್ಲಿ ಇಳಿದದ್ದು ಆವಿ ಮತ್ತು ಇಂಗಿದ್ದು. ಗದ್ದೆಯಲ್ಲಿ ಇಳಿದದ್ದು ಆವಿ, ಇಂಗಿದ್ದು, ಹುಣಿಯಲ್ಲಿ ಒಸರಿದ್ದು ಮೂರೂ. ಒಂದರಿಂದ ಒಂದನ್ನು ಕಳೆದರೆ ಕಳ್ಳನ ಹೆಸರು ಗೊತ್ತಾಗುತ್ತದೆ.

ಲೆಕ್ಕ ತಿಳಿಯಲು ಒಂದು ಉದಾಹರಣೆ ಹಿಡಿಯೋಣ. ಬುಡವಿರುವ ಡ್ರಮ್ಮಿನಲ್ಲಿ ದಿನಕ್ಕೆ 5 ಮಿ.ಮೀ., ಬುಡವಿಲ್ಲದ್ದರಲ್ಲಿ 9 ಮಿ.ಮೀ., ಗದ್ದೆಯಲ್ಲಿ 21 ಮಿ.ಮೀ. ಇಳಿಯಿತು ಎಂದಿಟ್ಟುಕೊಳ್ಳಿ. ಆವಿ 5, ಇಂಗಿದ್ದು 4, ಹುಣಿಯಲ್ಲಿ ಹೋದದ್ದು 12. 25 ಸೆಂಟ್ಸಿನ ಗದ್ದೆಯಾದರೆ ದಿನಕ್ಕೆ 21,000 ಲೀಟರ್ ನೀರು ಬೇಕು, ಅದರಲ್ಲಿ 12,000 ಲೀಟರ್ ಹುಣಿಗೆ. ಐದು ಜನರ ಒಂದು ಮನೆಗೆ ತಲೆಗೆ 100 ಲೀಟರಿನಂತೆ ದಿನಕ್ಕೆ 500 ಲೀಟರ್ ಹಿಡಿದರೆ, ಈ ಒಂದು ಗದ್ದೆಯ ಹುಣಿ 24 ಮನೆಗಳ ನೀರು ಕುಡಿಯುತ್ತಿದೆ. ಮಾರ್ಚ್‌ನಲ್ಲಿ ಕೊಡಪಾನ ಹಿಡಿದು ನೆರೆಮನೆಯ ಬಾವಿಗೆ ಹೋಗುವ ಅಮ್ಮಂದಿರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಪಂಪಿನ ಲೆಕ್ಕವೂ ಹೀಗೆಯೇ. ಅಂಗಡಿಯವರು ಹೇಳಿದ ಸಂಖ್ಯೆಯನ್ನು ನಂಬಬೇಡಿ. 200 ಲೀಟರಿನ ಡ್ರಮ್ಮಿಗೆ ಪೈಪು ಹಿಡಿದು ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆ ನೋಡಿರಿ. 50 ಸೆಕೆಂಡು ಬೇಕಾದರೆ ಸೆಕೆಂಡಿಗೆ 4 ಲೀಟರ್, ಗಂಟೆಗೆ 14,400 ಲೀಟರ್. ಮೇಲಿನ ಗದ್ದೆಗೆ ದಿನಕ್ಕೆ ಸುಮಾರು ಒಂದೂವರೆ ಗಂಟೆ ಪಂಪು ಓಡಬೇಕು. ಅದರಲ್ಲಿ ಐವತ್ತು ನಿಮಿಷ ಹುಣಿಗಾಗಿ ಓಡುತ್ತದೆ.

ಈಗ ಇಡೀ ಬೆಳೆಗೆ ನೋಡೋಣ. ಉತ್ತು ಕೆಸರು ಮಾಡಲು 150ರಿಂದ 250 ಮಿ.ಮೀ. ಬೇಕು. ನಾವು 200 ಹಿಡಿಯೋಣ. ಜ್ಯೋತಿಯಂಥ ಬೇಗ ಬರುವ ತಳಿ ನೆಟ್ಟ ಮೇಲೆ 95 ದಿನ ಗದ್ದೆಯಲ್ಲಿರುತ್ತದೆ, ಅದರಲ್ಲಿ 80 ದಿನ ನೀರು ನಿಲ್ಲಿಸುತ್ತೇವೆ ಎಂದು ಹಿಡಿಯೋಣ. ಆವಿ 475, ಇಂಗಿದ್ದು 320, ಹುಣಿ 960. ಒಟ್ಟು 1955 ಮಿ.ಮೀ., ಅಂದರೆ 25 ಸೆಂಟ್ಸಿಗೆ 19 ಲಕ್ಷ 55 ಸಾವಿರ ಲೀಟರ್. ನಾಲ್ಕು ಕ್ವಿಂಟಾಲ್ ಭತ್ತ ಬಂದರೆ ಕಿಲೋ ಒಂದಕ್ಕೆ ಸುಮಾರು 4900 ಲೀಟರ್ ನೀರು. ಫಿಲಿಪ್ಪೀನ್ಸ್ ದೇಶದಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಕಿಲೋ ಭತ್ತಕ್ಕೆ ಮಳೆ, ನೀರಾವರಿ ಎರಡೂ ಸೇರಿ ಸರಾಸರಿ 2500 ಲೀಟರ್ ಎಂದು ಲೆಕ್ಕ ಹಾಕಿದ್ದಾರೆ. ಬೆಳೆ ನಿಜವಾಗಿ ಆವಿಯಾಗಿ ಬಳಸುವುದು ಅದರಲ್ಲಿ 1400 ಲೀಟರ್ ಮಾತ್ರ. ನಮ್ಮ ಉದಾಹರಣೆಯ ಗದ್ದೆ ಸರಾಸರಿಯ ಎರಡರಷ್ಟು ತಿನ್ನುತ್ತದೆ. ಹುಣಿಯ ಸೋರಿಕೆಯನ್ನು ಅರ್ಧ ಮಾಡಿದರೆ 480 ಮಿ.ಮೀ. ಉಳಿಯುತ್ತದೆ. 4 ಲಕ್ಷ 80 ಸಾವಿರ ಲೀಟರ್, ಆ ಪಂಪಿಗೆ 33 ಗಂಟೆಯ ಓಟ. ಹುಣಿ ಮೆತ್ತಲು ಎರಡು ಆಳಿನ ಕೂಲಿ ಹೆಚ್ಚೆಂದು ಬಿಟ್ಟವರು ಇದರ ಎದುರು ಅದನ್ನು ಇಟ್ಟು ನೋಡಲಿ.

ಹೋದ ನೀರು ಎಲ್ಲಿಗೆ ಹೋಯಿತು?

ಇಲ್ಲಿ ಒಬ್ಬ ಹಿರಿಯ ಕೃಷಿಕರು ನಮ್ಮನ್ನು ತಡೆದು ಕೇಳಿದ ಮಾತನ್ನು ಹೇಳಲೇಬೇಕು. "ಫಾದರ್, ನನ್ನ ಹುಣಿಯಿಂದ ಹೋದ ನೀರು ಕೆಳಗಿನ ಗದ್ದೆಗೆ ತಾನೇ ಹೋಗುವುದು? ಇಂಗಿದ್ದು ಬಾವಿಗೆ ಬರುವುದಿಲ್ಲವೇ? ಮತ್ತೆ ನಷ್ಟ ಯಾರದ್ದು?" ಅವರ ಮಾತು ಸರಿ, ಮತ್ತು ಪುಸ್ತಕ ಓದಿದ ಅನೇಕರು ಈ ಜಾಗದಲ್ಲಿ ತಪ್ಪುತ್ತಾರೆ. ಒಂದು ಗದ್ದೆಯ ಖರ್ಚು ಇನ್ನೊಂದು ಗದ್ದೆಯ ಜಮಾ. ಇಡೀ ಬೈಲನ್ನು ಒಂದು ಮನೆಯೆಂದು ಹಿಡಿದರೆ, ಮೇಲಿನ ಗದ್ದೆಯಲ್ಲಿ ಒಸರಿದ ನೀರು ಮನೆಯ ಒಳಗೇ ಇದೆ. ಮಳೆಗಾಲದಲ್ಲಿ ಗದ್ದೆಯಲ್ಲಿ ನಿಂತು ನಿಧಾನವಾಗಿ ಇಂಗುವ ನೀರೇ ಬೈಲಿನ ಅಂಚಿನ ಬಾವಿಗಳನ್ನು ತುಂಬುವುದು. ಏಣೆಲು ಗದ್ದೆ ಹಡಿಲು ಬಿದ್ದು, ಹುಣಿ ಒಡೆದು, ನೀರು ನಿಲ್ಲದೆ ತೋಡಿಗೆ ಓಡಿದರೆ ಬೇಸಿಗೆಯಲ್ಲಿ ಬಾವಿ ಬೇಗ ಬತ್ತುವುದು ಇದೇ ಕಾರಣಕ್ಕೆ. ಕೇರಳದಲ್ಲಿ 1974-75ರಲ್ಲಿ ಸುಮಾರು 8.8 ಲಕ್ಷ ಹೆಕ್ಟೇರ್ ಇದ್ದ ಭತ್ತದ ಬೇಸಾಯ 2010-11ಕ್ಕೆ 2.1 ಲಕ್ಷ ಹೆಕ್ಟೇರಿಗೆ ಇಳಿದಿತ್ತು. ಹೋದದ್ದು ಅಕ್ಕಿ ಮಾತ್ರವಲ್ಲ, ಅಷ್ಟು ಅಗಲದ ಇಂಗುಗುಂಡಿಯೂ ಹೋಯಿತು. ಗದ್ದೆ ಮುಚ್ಚುವುದನ್ನು ತಡೆಯಲು ಸರಕಾರ 2008ರಲ್ಲಿ ಕಾನೂನು ತಂದದ್ದರಲ್ಲಿ ಈ ವಿಚಾರವೂ ಸೇರಿದೆ.

ಆದರೆ ಹಿರಿಯರ ಮಾತಿಗೆ ಎರಡು ಮಿತಿಗಳಿವೆ. ಬಾವಿಯಿಂದ ಕರೆಂಟು ಖರ್ಚು ಮಾಡಿ ಎತ್ತಿದ ನೀರು ಪುನಃ ಬಾವಿಗೆ ಇಳಿದರೆ ನೀರು ನಷ್ಟವಾಗದಿದ್ದರೂ ಕರೆಂಟು ನಷ್ಟವೇ. ಇನ್ನೊಂದು, ಬೈಲಿನ ಕೊನೆಯ ಗದ್ದೆಯಿಂದ ತೋಡಿಗೆ ಬಿದ್ದ ನೀರನ್ನು ಹಿಡಿಯುವವರಿಲ್ಲದಿದ್ದರೆ ಅದು ನೇರ ಸಮುದ್ರಕ್ಕೆ. ಹಿಡಿಯುವ ಉಪಾಯವೇ ಕಟ್ಟ. ಮಳೆ ಬಿಟ್ಟು ತೋಡಿನ ಸೆಳೆತ ಇಳಿದ ಮೇಲೆ ನವೆಂಬರ್-ಡಿಸೆಂಬರಿನಲ್ಲಿ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ ಹಾಕಿ ಊರವರೆಲ್ಲ ಸೇರಿ ಕಟ್ಟುತ್ತಿದ್ದ ತಡೆ, ಮಳೆಗಾಲಕ್ಕೆ ಮೊದಲು ಬಿಚ್ಚುವುದು. ಒಂದೇ ಕಟ್ಟದಿಂದ ಹೆಚ್ಚು ಪ್ರಯೋಜನವಿಲ್ಲ. ಒಂದರ ಕೆಳಗೆ ಒಂದು ಸಾಲಾಗಿ ಇದ್ದರೆ ಒಂದರಲ್ಲಿ ಸೋರಿದ್ದು ಇನ್ನೊಂದರಲ್ಲಿ ನಿಲ್ಲುತ್ತದೆ, ಎರಡೂ ದಂಡೆಯ ಬಾವಿಗಳು ಮೇಲೇಳುತ್ತವೆ. ಕುಂಬ್ಡಾಜೆ ಪಂಚಾಯತಿನ ಏತಡ್ಕದ ಕಟ್ಟಗಳು ಇದಕ್ಕೆ ಹೆಸರಾಗಿವೆ. ನಮ್ಮ ಪೆರ್ಲ ಕಡೆಯವರೇ ಆದ ಪತ್ರಕರ್ತ ಶ್ರೀ ಪಡ್ರೆಯವರು ಕಟ್ಟ, ಸುರಂಗ, ಮದಕಗಳ ಬಗ್ಗೆ ವರ್ಷಗಟ್ಟಲೆ ಬರೆದಿದ್ದಾರೆ. ಹೊರರಾಜ್ಯದವರು ಅವನ್ನು ಓದಿ ನೋಡಲು ಬರುತ್ತಾರೆ, ಹತ್ತಿರದ ನಾವು ಓದುವುದಿಲ್ಲ.

ಇನ್ನು ಮನಸ್ತಾಪದ ವಿಷಯ. ಗದ್ದೆಗಳ ನಡುವೆ ಒಬ್ಬರು ಅಡಿಕೆ ಹಾಕುತ್ತಾರೆ. ಅಡಿಕೆಯ ಬುಡದಲ್ಲಿ ನೀರು ನಿಲ್ಲಬಾರದು, ಆದ್ದರಿಂದ ಜೆ.ಸಿ.ಬಿ. ತಂದು ಆಳವಾದ ಕಣಿ ತೋಡುತ್ತಾರೆ. ಕಣಿ ಗಟ್ಟಿ ಪದರವನ್ನು ಕಡಿದು ಹೋಗುತ್ತದೆ. ಪಕ್ಕದ ಗದ್ದೆಯ ನೀರು ಹುಣಿಯ ಅಡಿಯಿಂದ ಆ ಕಣಿಗೆ ಇಳಿಯುತ್ತದೆ. ಗದ್ದೆಯವರಿಗೆ ಎಷ್ಟು ನೀರು ಬಿಟ್ಟರೂ ನಿಲ್ಲುವುದಿಲ್ಲ, ಕೊನೆಗೆ ಅವರೂ ಅಡಿಕೆ ಹಾಕುತ್ತಾರೆ, ಮುಂದಿನವರಿಗೆ ಅದೇ ಕಷ್ಟ. ಹೀಗೆ ಒಂದು ಬೈಲು ಇಡೀ ಹೋದದ್ದನ್ನು ನಾವು ನೋಡಿದ್ದೇವೆ. ತೋಟ ಮಾಡುವವರಲ್ಲಿ ನಮ್ಮ ವಿನಂತಿ: ನೆರೆಯ ಗದ್ದೆಯ ಹುಣಿಯಿಂದ ಕೆಲವು ಅಡಿ ಬಿಟ್ಟು ಕಣಿ ತೋಡಿರಿ, ಆ ಬದಿಯ ಕಣಿ ಆಳವಾಗದಿರಲಿ, ಹುಣಿಯ ಬದಿಗೆ ಜೇಡಿಮಣ್ಣು ತುಂಬಿ ಜಡಿಯಿರಿ. ಕೆಲಸ ಶುರು ಮಾಡುವ ಮೊದಲು ನೆರೆಯವರನ್ನು ಕರೆದು ತೋರಿಸಿರಿ. ಆದಿಕಾಂಡದ 26ನೇ ಅಧ್ಯಾಯದಲ್ಲಿ ಇಸಾಕನು ತಂದೆಯ ಕಾಲದ ಬಾವಿಗಳನ್ನು ತಿರುಗಿ ತೋಡಿಸಿದಾಗ ಗೆರಾರಿನ ಕುರುಬರು ಜಗಳಕ್ಕೆ ಬಂದ ಸಂಗತಿ ಇದೆ. ಅವನು ಎರಡು ಬಾವಿಗಳನ್ನು ಜಗಳದ ಹೆಸರಿಟ್ಟೇ ಬಿಟ್ಟು, ಮುಂದೆ ಹೋಗಿ ಮೂರನೆಯದನ್ನು ತೋಡಿಸಿದ. ನಮಗೆ ಮುಂದೆ ಹೋಗಲು ಜಾಗವಿಲ್ಲ. ಇದ್ದ ಬೈಲಿನಲ್ಲೇ ಮಾತಾಡಿಕೊಳ್ಳಬೇಕು.

ನೀರು ಯಾವಾಗಲೂ ನಿಂತಿರಬೇಕೇ?

ಭತ್ತ ನೀರಿನ ಗಿಡವಲ್ಲ. ನೀರನ್ನು ಸಹಿಸುವ ಗಿಡ. ಉಳಿದ ಕಳೆಗಳು ಸಹಿಸುವುದಿಲ್ಲವಾದ್ದರಿಂದ ನೀರು ನಿಲ್ಲಿಸುವುದು ಲಾಭ. ಆದ್ದರಿಂದ ನೆಟ್ಟ ಮೊದಲ ಎರಡು ವಾರ ಎರಡು ಬೆರಳಿನಷ್ಟು ನೀರು ಇರಲಿ, ಕಳೆ ಏಳುವುದಿಲ್ಲ. ಅನಂತರ ಪ್ರತಿ ದಿನ ನೀರು ಕಾಣಲೇಬೇಕೆಂದಿಲ್ಲ. ಒಣಗಿಸಿ ಪುನಃ ನೀರು ಬಿಡುವ ಈ ಕ್ರಮವನ್ನು ಅನೇಕ ದೇಶಗಳಲ್ಲಿ ಪರೀಕ್ಷಿಸಿದ್ದಾರೆ. ಸರಿಯಾಗಿ ಮಾಡಿದರೆ ಬೆಳೆ ಕಡಿಮೆಯಾಗದೆ 15ರಿಂದ 30 ಶೇಕಡ ನೀರು ಉಳಿಯುತ್ತದೆ.

ಸರಿಯಾಗಿ ಮಾಡುವುದು ಎಂದರೆ ಕಣ್ಣಂದಾಜಲ್ಲ. ನಾಲ್ಕು ಇಂಚಿನ ಪಿ.ವಿ.ಸಿ. ಪೈಪಿನ ಒಂದು ಅಡಿ ತುಂಡು ತೆಗೆದುಕೊಳ್ಳಿ. ದಪ್ಪ ಬಿದಿರಾದರೂ ಆದೀತು, ಗಂಟು ಒಡೆದಿರಬೇಕು. ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆದು, ಆ ಅರ್ಧವನ್ನು ಗದ್ದೆಗೆ ಹೂತು, ಒಳಗಿನ ಮಣ್ಣನ್ನು ಕೈಯಿಂದ ತೆಗೆಯಿರಿ. ಹುಣಿಯಿಂದ ಕಾಣುವಂತೆ, ಆದರೆ ಹುಣಿಗೆ ತೀರ ಹತ್ತಿರವಲ್ಲದಂತೆ ಇರಲಿ. ಗದ್ದೆ ಮೇಲಿಂದ ಒಣಗಿದಂತೆ ಕಂಡರೂ ಪೈಪಿನೊಳಗೆ ನೀರು ಕಾಣುತ್ತದೆ, ಬೇರು ಅದನ್ನು ಕುಡಿಯುತ್ತಿರುತ್ತದೆ. ಆ ನೀರು ಮಣ್ಣಿನ ಮಟ್ಟದಿಂದ ಅರ್ಧ ಅಡಿ, ಅಂದರೆ 15 ಸೆಂಟಿಮೀಟರ್ ಕೆಳಗಿಳಿದಾಗ ಪುನಃ ಎರಡು ಇಂಚು ನೀರು ಬಿಡಿರಿ. ಅದಕ್ಕಿಂತ ಕೆಳಗೆ ಹೋಗಲು ಬಿಡಬೇಡಿ. ಮಣ್ಣು ಬಿರುಕು ಬಿಟ್ಟರೆ, ಮುಂದೆ ಬಿಟ್ಟ ನೀರು ಆ ಬಿರುಕಿನಿಂದಲೇ ಗಟ್ಟಿ ಪದರವನ್ನು ದಾಟಿ ಹೋಗುತ್ತದೆ, ಉಳಿತಾಯವೆಲ್ಲ ಒಂದೇ ದಿನದಲ್ಲಿ ಮುಗಿಯುತ್ತದೆ. ಹೂ ಬಿಡುವ ಒಂದು ವಾರ ಮೊದಲಿನಿಂದ ಒಂದು ವಾರ ಅನಂತರದ ತನಕ ಒಣಗಿಸಲೇಬಾರದು. ಆಗ ಜಿಪುಣತನ ಮಾಡಿದರೆ ಜೊಳ್ಳು. ಕೊಯ್ಲಿಗೆ ಹತ್ತು ಹದಿನೈದು ದಿನ ಮೊದಲು ನೀರು ಪೂರ್ತಿ ನಿಲ್ಲಿಸಿರಿ. ಏಣೆಲು ಕೊಯ್ದ ಗದ್ದೆ ಸುಗ್ಗಿಗೆ ಮೊದಲು ಒಣಗಿ ಬಿರಿಯುವಂತಿದ್ದರೆ, ಕೊಯ್ದ ಕೂಡಲೇ ಮೇಲ್ಮೇಲೆ ಒಂದು ಸಾಲು ಉತ್ತು ಬಿಡಿರಿ.

ಯೂರಿಯ ಹಾಕುವವರು ನೀರು ನಿಂತಿರುವಾಗ ಎರಚಬೇಡಿ. ಗದ್ದೆ ಒಣಗಿದ ದಿನ ಎರಚಿ, ಅದರ ಮೇಲೆ ನೀರು ಬಿಟ್ಟರೆ ಗೊಬ್ಬರ ಮಣ್ಣಿಗೆ ಇಳಿಯುತ್ತದೆ. ಮೇಲಿನ ಗದ್ದೆಯವರು ನೀರಿನಲ್ಲಿ ಎರಚಿ, ಹುಣಿ ಸೋರಿದರೆ ಕೆಳಗಿನವರಿಗೆ ಪುಕ್ಕಟೆ ಗೊಬ್ಬರ. ಮುರಕಲ್ಲು ಗುಡ್ಡದ ಬುಡದ ಗದ್ದೆಗಳಲ್ಲಿ ತುಕ್ಕಿನ ಬಣ್ಣದ ಕಿಲುಬು ನೀರು ಒಸರುವುದನ್ನು ನೋಡಿರಬಹುದು. ಅದು ಕಬ್ಬಿಣದ ಅಂಶ, ಬೆಳೆಗೆ ವಿಷ. ಆಗಾಗ ಬಸಿದು ಒಣಗಿಸುವುದು ಅಲ್ಲಿಯೂ ಒಳ್ಳೆಯದು. ಆದರೆ ಹೊಳೆಬಾಯಿಯ ಹತ್ತಿರ ಉಪ್ಪುನೀರು ನುಗ್ಗುವ ಗದ್ದೆಯವರು ಇದನ್ನು ಮಾಡಬೇಡಿ. ಅಲ್ಲಿ ಮೇಲೆ ನಿಂತ ಸಿಹಿನೀರೇ ಉಪ್ಪನ್ನು ಕೆಳಗೆ ಒತ್ತಿ ಇಟ್ಟಿರುವುದು.

ಆರೋಗ್ಯದ ಮಾತು

ಹುಣಿಯ ತೂತು ನೀರು ಕದಿಯುವುದು ಮಾತ್ರವಲ್ಲ, ಇಲಿ ಹೆಗ್ಗಣಗಳ ಮನೆಯೂ ಹೌದು. ಅವುಗಳ ಮೂತ್ರ ಸೇರಿದ ಕೆಸರಿನಲ್ಲಿ ನಿಂತು ಕೆಲಸ ಮಾಡುವವರ ಕಾಲಿನ ಬಿರುಕು, ಗಾಯಗಳಿಂದ ಇಲಿಜ್ವರದ ರೋಗಾಣು ಒಳಹೊಗುತ್ತದೆ. ಹುಣಿ ಕೆತ್ತಿ ಬಿಲ ಮುಚ್ಚಿ ಮೆತ್ತುವ ಕೆಲಸ ನೀರಿಗೂ ಆಯಿತು, ಜ್ವರಕ್ಕೂ ಆಯಿತು. ಆದರೆ ಆ ಕೆಲಸ ಮಾಡುವವರೇ ಹೆಚ್ಚು ಅಪಾಯದಲ್ಲಿರುವವರು. ಅವರು ಗಾಯವನ್ನು ಮುಚ್ಚಿಕೊಂಡು, ಆದರೆ ಬೂಟು ಹಾಕಿ ಇಳಿಯಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿದರೆ ವಾರಕ್ಕೊಮ್ಮೆ ತೆಗೆದುಕೊಳ್ಳುವ 200 ಮಿಲಿಗ್ರಾಮ್ ಡಾಕ್ಸಿಸೈಕ್ಲಿನ್ ಮಾತ್ರೆಯ ಬಗ್ಗೆ ಹೇಳುತ್ತಾರೆ. ಅದನ್ನು ಬರಿಹೊಟ್ಟೆಯಲ್ಲಿ ನುಂಗಬಾರದು. ಗರ್ಭಿಣಿಯರೂ ಮಕ್ಕಳೂ ವೈದ್ಯರನ್ನು ಕೇಳದೆ ಮುಟ್ಟಬಾರದು. ಗದ್ದೆಗಿಳಿದವರಿಗೆ ಜ್ವರ ಬಂದು ಮೀನಖಂಡ ನೋಯುವುದು, ಕಣ್ಣು ಕೆಂಪಾಗುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಕಷಾಯ ಕುಡಿಸಿ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ದು, ಗದ್ದೆ ಕೆಲಸ ಮಾಡುವವರೆಂದು ಬಾಯಿಬಿಟ್ಟು ಹೇಳಿರಿ.

ಏಡಿ, ಹೆಗ್ಗಣಗಳ ಬಿಲಕ್ಕೆ ವಿಷ ಸುರಿಯುವ ಪದ್ಧತಿ ಕೆಲವೆಡೆ ಇದೆ. ಹುಣಿಯಲ್ಲಿ ಒಸರುವ ನೀರು ಎಲ್ಲಿಗೆ ಹೋಗುತ್ತದೆಂದು ಇಷ್ಟು ಹೊತ್ತು ಲೆಕ್ಕ ಹಾಕಿದ್ದೇವಲ್ಲ, ವಿಷವೂ ಅಲ್ಲಿಗೇ ಹೋಗುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸುವ ಮೊದಲು ಎಂಡೋಸಲ್ಫಾನ್ ಏನು ಮಾಡಿತೆಂದು ಈ ಜಿಲ್ಲೆಯ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸೊಳ್ಳೆಯ ವಿಷಯ ಚಿಕ್ಕದು. ಮಿದುಳು ಜ್ವರ ಹರಡುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆ ನಿಂತ ಗದ್ದೆನೀರಿನಲ್ಲಿ ಮರಿ ಮಾಡುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ಅಷ್ಟರೊಳಗೆ ಗದ್ದೆ ಒಮ್ಮೆ ಪೂರ್ತಿ ಒಣಗಿದರೆ ಮರಿಗಳು ಸಾಯುತ್ತವೆ. ಆದರೆ ಒಬ್ಬರ ಗದ್ದೆ ಒಣಗಿ ನೆರೆಯವರದ್ದು ತುಂಬಿದ್ದರೆ ಪ್ರಯೋಜನವಿಲ್ಲ. ಬೈಲಿನವರು ಸೇರಿ ನೀರು ಬಿಡುವ, ಒಣಗಿಸುವ ದಿನಗಳನ್ನು ಗೊತ್ತುಮಾಡಿಕೊಂಡರೆ ಪಂಪಿನ ಸರದಿಯ ಜಗಳವೂ ತಪ್ಪುತ್ತದೆ.

ಮೊದಲಿನ ಪ್ರಶ್ನೆಗೆ ಬಂದರೆ, ಜೇಡಿಮಣ್ಣಿನ ಬೈಲು ಗದ್ದೆಯಲ್ಲಿ ಹುಣಿ ಗಟ್ಟಿಯಿದ್ದು ಕೆಳಗೊಂದು ಕಟ್ಟ ಇದ್ದರೆ ಸುಗ್ಗಿಗೆ ನೀರು ಸಾಲುತ್ತದೆಂದೇ ನಮ್ಮ ಅಭಿಪ್ರಾಯ. ಮಜಲು ಗದ್ದೆಯವರು ಮೊದಲು ಡ್ರಮ್ಮು ಹೂತು ಅಳೆಯಲಿ. ಬುಡವಿಲ್ಲದ ಡ್ರಮ್ಮಿನಲ್ಲಿ ದಿನಕ್ಕೆ 15 ಮಿ.ಮೀ.ಗಿಂತ ಹೆಚ್ಚು ಇಳಿದರೆ ಅಲ್ಲಿ ಸುಗ್ಗಿ ಭತ್ತದ ಹಟ ಬೇಡ. ಉದ್ದು, ಹೆಸರು, ಇಲ್ಲವೇ ತರಕಾರಿ ಹಾಕಿ, ಏಣೆಲು ಮಾತ್ರ ತಪ್ಪಿಸಬೇಡಿ. ಬೆಟ್ಟುಗದ್ದೆಗೆ ಪಂಪಿನ ನೀರು ಬಿಟ್ಟು ಭತ್ತ ಬೆಳೆಯುವುದು ನಮಗೆ ಒಪ್ಪಿಗೆಯಿಲ್ಲ.

ಪೈಪಿನ ತುಂಡುಗಳಿಗೆ ತೂತು ಕೊರೆದುಕೊಡಲು ಯುವಕರ ಸಂಘದವರು ಒಪ್ಪಿದ್ದಾರೆ. ಬೇಕಾದವರು ಬರುವ ಆದಿತ್ಯವಾರ ಎರಡನೇ ಪೂಜೆಯ ಬಳಿಕ ನಾಲ್ಕು ಇಂಚಿನ ಪೈಪು ತಂದು ಕೊಡಬಹುದು. ಡ್ರಮ್ಮಿನ ಪರೀಕ್ಷೆ ಮಾಡಿದವರು ದಿನಾಂಕ, ಗದ್ದೆಯ ಹೆಸರು, ಮೂರು ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದು ಇಗರ್ಜಿಯ ಕಚೇರಿಯಲ್ಲಿ ಕೊಟ್ಟರೆ, ಯಾವ ಬೈಲಿನಲ್ಲಿ ಎಷ್ಟು ಬಂತೆಂದು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.